ಹಿತ್ತಲ ಕಳೆಯೂ ಕಳೆನಾಶಕದ ಕತೆಯೂ



ಮುಂಗಾರಿನಲ್ಲಿ ಎರಡು ಹದ ಮಳೆ ಬಿದ್ದರೆ ಸಾಕು, ಹಿತ್ತಲಲ್ಲಿ ನಾವು ಬಿತ್ತಿದ್ದಕ್ಕಿಂತ ಬಿತ್ತದೆ ಇದ್ದದ್ದೇ ಮೊದಲು ತಲೆ ಎತ್ತುತ್ತದೆ. ಬದನೆ ಸಸಿ ಇನ್ನೂ ನಾಲ್ಕೆಲೆ ಬಿಟ್ಟಿರುವುದಿಲ್ಲ, ಅಷ್ಟರಲ್ಲಿ ಗರಿಕೆ ಬಳ್ಳಿ ಹರಿದು ಪಾತಿ ಮುಚ್ಚಿರುತ್ತದೆ. ಜೇಕು ಚುಚ್ಚಿಕೊಂಡು ಮೇಲೆ ಬಂದಿರುತ್ತದೆ. ಹಿಂದೆ ಇದಕ್ಕೆ ಮನೆಯ ಹೆಂಗಸರ ಕೈಯಲ್ಲಿ ಒಂದು ಕುಡುಗೋಲು, ಒಂದು ಸಣ್ಣ ಗುದ್ದಲಿ ಇದ್ದರೆ ಆಗುತ್ತಿತ್ತು. ಈಗ ಆಳು ಸಿಗುವುದಿಲ್ಲ, ಮಕ್ಕಳು ಶಾಲೆಗೆ ಹೋಗುತ್ತಾರೆ, ಸೊಂಟ ಬಗ್ಗುವುದಿಲ್ಲ. "ಸಾಹೇಬ್ರೇ, ಹಿತ್ತಲಿಗೂ ಒಂದಿಷ್ಟು ಕಳೆ ಔಷಧಿ ಹೊಡೆದುಬಿಡೋಣ್ವಾ?" ಅಂತ ಹೋದ ಕಡೆಯೆಲ್ಲ ಕೇಳುತ್ತಾರೆ.

ಹೊಡೆಯಬಹುದು, ಹೊಡೆಯಬಾರದು ಎಂದು ಒಂದೇ ಮಾತಿನಲ್ಲಿ ಹೇಳುವ ಬದಲು, ಈ ಔಷಧಗಳು ಎಲ್ಲಿ ಹುಟ್ಟಿದವು, ಯಾವ ಗಿಡವನ್ನು ಕೊಲ್ಲಲು ಹುಟ್ಟಿದವು, ಯಾವುದನ್ನು ಉಳಿಸಲು ಹುಟ್ಟಿದವು ಎಂಬ ಕತೆಯನ್ನು ಹೇಳುತ್ತೇನೆ. ಕತೆ ತಿಳಿದರೆ ಹಿತ್ತಲಿಗೆ ಯಾವುದು ಒಗ್ಗೀತು ಎಂಬುದು ನಿಮಗೇ ಗೊತ್ತಾಗುತ್ತದೆ.

ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಬೋರ್ಡೋ ದ್ರಾವಣ ಹೊಸದಲ್ಲ. ಮೈಲುತುತ್ತ ಮತ್ತು ಸುಣ್ಣ ಸೇರಿಸಿ ಕೊಳೆರೋಗಕ್ಕೆ ಹೊಡೆಯುವ ಔಷಧ ಅದು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ 1910ರ ಸುಮಾರಿಗೆ ಅದನ್ನು ನಮ್ಮ ಅಡಿಕೆ ತೋಟಗಳಿಗೆ ಹೊಂದಿಸಿಕೊಟ್ಟರು. ಅದಕ್ಕೂ ಮೊದಲು ಅದು ಫ್ರಾನ್ಸ್ ದೇಶದ ದ್ರಾಕ್ಷಿ ತೋಟಗಳ ಔಷಧ. ಅಲ್ಲಿ 1896ರಲ್ಲಿ ಬೊನೆ ಎಂಬುವರು ಒಂದು ಸಂಗತಿ ಗಮನಿಸಿದರು. ಬಳ್ಳಿಗೆ ಹೊಡೆದ ದ್ರಾವಣ ಕೆಳಗೆ ಬೆಳೆದಿದ್ದ ಕಾಡುಸಾಸಿವೆಯ ಎಲೆಯ ಮೇಲೆ ಬಿದ್ದು, ಆ ಎಲೆ ಕಪ್ಪಾಗಿತ್ತು. ಬರಿಯ ಮೈಲುತುತ್ತದ ನೀರನ್ನು ಧಾನ್ಯದ ಪೈರಿಗೆ ಹೊಡೆದು ನೋಡಿದರು. ಪೈರಿನ ನಡುವೆ ಇದ್ದ ಕಾಡುಸಾಸಿವೆ ಸತ್ತಿತು, ಪೈರು ಉಳಿಯಿತು.

ಇದೇನು ಮಾಯವೇ? ಅಲ್ಲ. ಕಾಡುಸಾಸಿವೆಯ ಎಲೆ ಅಗಲ, ಒರಟು, ನೆಲಕ್ಕೆ ಚಾಚಿಕೊಂಡದ್ದು. ಅದರ ಕುಡಿ ನಡುವೆ ಬಯಲಿಗೆ ತೆರೆದಿರುತ್ತದೆ. ಹನಿ ಬಿದ್ದರೆ ಅಲ್ಲೇ ಕೂರುತ್ತದೆ. ಧಾನ್ಯದ ಪೈರಿನ ಎಲೆ ಕಿರಿದು, ಮೇಲೆ ಮೇಣದಂಥ ಪದರ ಇದೆ, ನೆಟ್ಟಗೆ ನಿಂತಿದೆ. ಕುಡಿ ಒಳಗೆ ಸುರುಳಿಯಲ್ಲಿ ಅಡಗಿದೆ. ಹನಿ ಜಾರಿ ಹೋಗುತ್ತದೆ. ಕೆಸುವಿನ ಎಲೆಯ ಮೇಲೆ ನೀರು ನಿಲ್ಲುವುದಿಲ್ಲ ಎಂಬುದನ್ನು ನೀವು ಕಂಡಿಲ್ಲವೇ? ಅದೇ ಲೆಕ್ಕ. ಒಂದು ಗಿಡ ಸತ್ತು ಪಕ್ಕದ್ದು ಬದುಕಿದ್ದು ಔಷಧದ ಜಾಣತನದಿಂದಲ್ಲ, ಗಿಡದ ಮೈಕಟ್ಟಿನಿಂದ.

ಆಮೇಲೆ ನಲವತ್ತೈವತ್ತು ವರ್ಷ ಯುರೋಪು, ಅಮೆರಿಕಗಳಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಹೊಡೆದು ನೋಡಿದರು. ಅನ್ನಭೇದಿ, ನೀರು ಬೆರೆಸಿದ ಗಂಧಕಾಮ್ಲ, ಸೋಡಿಯಂ ಕ್ಲೋರೇಟ್, ಸಂಖಪಾಷಾಣದಿಂದ ಮಾಡಿದ ಸೋಡಿಯಂ ಆರ್ಸೆನೈಟ್. ಕ್ಲೋರೇಟ್ ತಾಗಿದ ಬಟ್ಟೆ ಒಣಗಿದ ಮೇಲೆ ಒಂದು ಕಿಡಿಗೇ ಹೊತ್ತಿಕೊಳ್ಳುತ್ತಿತ್ತು. ಪಾಷಾಣ ಹೊಡೆದ ಹುಲ್ಲು ಮೇಯ್ದ ದನ ಸಾಯುತ್ತಿತ್ತು. ನಮ್ಮ ದೇಶದಲ್ಲಿ ಔಷಧದಿಂದ ಕಳೆ ಕೊಲ್ಲುವ ಮೊದಲ ಪ್ರಯತ್ನ 1937ರಲ್ಲಿ ಪಂಜಾಬಿನಲ್ಲಿ ನಡೆದದ್ದೂ ಈ ಸೋಡಿಯಂ ಆರ್ಸೆನೈಟಿನಿಂದಲೇ. ಅಲ್ಲಿ ಕೊಂದದ್ದು ಕುಸುಬೆಯ ಕಾಡುಜಾತಿಯ ಮುಳ್ಳುಗಿಡವನ್ನು. ಈ ಹಳೆಯ ವಿಷಗಳ ಕತೆ ಇಷ್ಟು ಸಾಕು.

ನಿಜವಾದ ತಿರುವು ಬಂದದ್ದು ಔಷಧದ ಅಂಗಡಿಯಿಂದಲ್ಲ, ಕಿಟಕಿಯ ಪಕ್ಕದ ಒಂದು ಮೊಳಕೆಯಿಂದ. ಕತ್ತಲೆ ಮೂಲೆಯಲ್ಲಿಟ್ಟ ಸಸಿ ಬೆಳಕಿನ ಕಡೆಗೆ ಬಾಗುತ್ತದಷ್ಟೇ. ಏಕೆ ಬಾಗುತ್ತದೆ ಎಂದು ಇಂಗ್ಲೆಂಡಿನ ಚಾರ್ಲ್ಸ್ ಡಾರ್ವಿನ್ ಮತ್ತು ಅವರ ಮಗ ಹುಲ್ಲಿನ ಮೊಳಕೆಗಳ ತುದಿಗೆ ಟೋಪಿ ಹಾಕಿ, ತುದಿ ಕತ್ತರಿಸಿ ಪರೀಕ್ಷೆ ಮಾಡಿದರು. ಬೆಳಕನ್ನು ಅರಿಯುವುದು ತುದಿ, ಬಾಗುವುದು ಅದರ ಕೆಳಭಾಗ. ಆದ್ದರಿಂದ ತುದಿಯಿಂದ ಏನೋ ಒಂದು ಕೆಳಕ್ಕೆ ಇಳಿಯುತ್ತಿರಬೇಕು ಎಂದು 1880ರಲ್ಲಿ ಬರೆದರು. 1920ರ ದಶಕದಲ್ಲಿ ಹಾಲೆಂಡಿನ ವೆಂಟ್ ಎಂಬ ಯುವಕ ಆ 'ಏನೋ ಒಂದು' ಇರುವುದನ್ನು ತೋರಿಸಿಕೊಟ್ಟ. ಆಕ್ಸಿನ್ ಎಂದು ಅದರ ಹೆಸರು. ಗಿಡಕ್ಕೆ ಬೆಳೆ ಎಂದು ಹೇಳುವ ರಸ ಅದು.

ಬೆಳೆಸುವ ರಸವೇ ಅತಿಯಾದರೆ? 1940ರಲ್ಲಿ ಇಂಗ್ಲೆಂಡಿನಲ್ಲಿ ಟೆಂಪಲ್‌ಮನ್ ಎಂಬ ವಿಜ್ಞಾನಿ ಅಂಥ ಒಂದು ಕೃತಕ ರಸವನ್ನು ಓಟ್ಸ್ ಪೈರಿನ ಮೇಲೆ ಹಾಕಿ ನೋಡಿದರು. ಓಟ್ಸ್ ಬಹುಮಟ್ಟಿಗೆ ಉಳಿಯಿತು, ನಡುವೆ ಇದ್ದ ಕಳೆ ಸತ್ತಿತು. ಯಾವ ಕಳೆ? ಬೊನೆ ಅವರು ನೋಡಿದ ಅದೇ ಕಾಡುಸಾಸಿವೆ! ಅತ್ತ ಅಮೆರಿಕದಲ್ಲಿ 1941ರಲ್ಲಿ ಪೊಕಾರ್ನಿ ಎಂಬ ರಸಾಯನಶಾಸ್ತ್ರಜ್ಞರು 2,4-ಡಿ ಎಂಬ ವಸ್ತುವನ್ನು ತಯಾರಿಸುವ ಕ್ರಮವನ್ನು ಪ್ರಕಟಿಸಿದರು. ಯುದ್ಧದ ಕಾಲವಾದ್ದರಿಂದ ಬಹಳಷ್ಟು ಸಂಶೋಧನೆ ಗುಟ್ಟಾಗಿ ನಡೆಯಿತು. 1944ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಮಿಚೆಲ್ ಮತ್ತು ಮಾರ್ಥ್ ಅದನ್ನು ಹುಲ್ಲುಹಾಸಿನ ಮೇಲೆ ಹೊಡೆದರು. ಹುಲ್ಲಿನ ನಡುವೆ ಹಳದಿ ಹೂ ಬಿಡುತ್ತಿದ್ದ ಡ್ಯಾಂಡಿಲೈಯನ್ ಎಂಬ ಅಗಲ ಎಲೆಯ ಕಳೆ ಸುರುಳಿಕೊಂಡು ಸತ್ತಿತು, ಹುಲ್ಲು ಹಸುರಾಗಿಯೇ ಇತ್ತು. 1945ರಲ್ಲಿ ಅದು ಅಂಗಡಿಗೆ ಬಂತು. 1946ರಲ್ಲಿ ನಮ್ಮ ದೇಶದಲ್ಲೂ ಪರೀಕ್ಷೆಯಾಯಿತು. 1952ರಿಂದ ಭತ್ತ, ಗೋಧಿ, ಕಬ್ಬಿನ ಮೇಲೆ ಹಲವು ರಾಜ್ಯಗಳಲ್ಲಿ ಪ್ರಯೋಗಗಳು ನಡೆದವು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಮನೆಯಂಗಳದ ಕಳೆನಾಶಕ ಹುಟ್ಟಿದ್ದು ಹುಲ್ಲುಹಾಸಿನ ಮೇಲೆ ಅಂದೆನಲ್ಲ, ಅದನ್ನು ನೆನಪಿಡಿ. ಅವರ ಅಂಗಳದಲ್ಲಿ ಹುಲ್ಲೇ ಬೆಳೆ, ಅಗಲ ಎಲೆಯದ್ದೇ ಕಳೆ. ನಮ್ಮ ಹಿತ್ತಲು ನೋಡಿ. ಬದನೆ, ಟೊಮೇಟೊ, ಮೆಣಸಿನಕಾಯಿ, ಚಪ್ಪರದವರೆ, ಬೆಂಡೆ, ಹಾಗಲ, ಕುಂಬಳ, ದಂಟು, ನುಗ್ಗೆ, ಕರಿಬೇವು, ಮಲ್ಲಿಗೆ — ಎಲ್ಲವೂ ಅಗಲ ಎಲೆಯ ಜಾತಿ. ನಮಗೆ ಕಾಟ ಕೊಡುವುದೋ ಗರಿಕೆ ಮತ್ತು ಜೇಕು. ಅಂದರೆ ನಮ್ಮ ಹಿತ್ತಲು ಅವರ ಅಂಗಳವನ್ನು ತಲೆಕೆಳಗು ಮಾಡಿದ ಹಾಗೆ. ಅವರ ಔಷಧವನ್ನು ಇಲ್ಲಿ ಹೊಡೆದರೆ ಮಕ್ಕಳು ಸತ್ತು ಕಳ್ಳ ಉಳಿಯುತ್ತಾನೆ.

ಇದು ಬಾಯಿಮಾತಲ್ಲ. ನಾನು ಕೆಲಸ ಮಾಡುತ್ತಿದ್ದ ಒಂದು ಹಳ್ಳಿಯಲ್ಲಿ ನಡೆದದ್ದು ಹೇಳುತ್ತೇನೆ. ಊರಿನ ಹೆಸರು ಬೇಡ. ಅಣ್ಣತಮ್ಮಂದಿರು ಭಾಗವಾಗಿ ಒಂದೇ ಗೋಡೆಯ ಆಚೆ ಈಚೆ ಇದ್ದರು. ತಮ್ಮನ ಮನೆಯಾಕೆಯ ಹಿತ್ತಲೆಂದರೆ ಊರಿಗೇ ಹೆಸರು. ಒಂದು ದಿನ ನೋಡಿದರೆ ಬದನೆಯ ಕುಡಿ ಮುದುರಿದೆ, ಟೊಮೇಟೊ ಎಲೆ ದಾರದ ಹಾಗೆ ಎಳೆದುಕೊಂಡಿದೆ, ಅವರೆ ಬಳ್ಳಿಯ ತುದಿ ಹಾವಿನಂತೆ ತಿರುಚಿಕೊಂಡಿದೆ. ನನ್ನನ್ನು ಕರೆಸಿದರು. ಆ ತಾಯಿ ಗಿಡದ ಮುಂದೆ ಕೂತು, "ಯಾರೋ ಮಾಟ ಮಾಡ್ಸವ್ರೆ ಸ್ವಾಮಿ, ಯಾರು ಅಂತ ನಂಗೊತ್ತು" ಅಂದು ಗೋಡೆಯ ಕಡೆ ನೋಡಿದಳು. ಗೋಡೆಯ ಆಚೆ ಅವಳ ವಾರಗಿತ್ತಿ. ಎರಡು ಮನೆಗೂ ಮಾತು ನಿಂತು ಹೋಗಿತ್ತು. ಮಕ್ಕಳು ಸಹ ಆಚೆ ಈಚೆ ಓಡಾಡುವ ಹಾಗಿರಲಿಲ್ಲ.

ನಾನು ಗಂಡನನ್ನು ಕೇಳಿದೆ: "ಗಿಡಕ್ಕೆ ಏನು ಹೊಡೆದಿರಿ?" "ಹೇನಿಗೆ ಔಷಧಿ ಸಾರ್, ಬೇರೇನಿಲ್ಲ." "ಪಂಪು ಯಾವುದು?" ಅದೇ ಪಂಪಿನಲ್ಲಿ ಹಿಂದಿನ ದಿನ ಗದ್ದೆಗೆ 2,4-ಡಿ ಹೊಡೆದಿದ್ದರು. ಕಾಲುವೆಯಲ್ಲಿ ಒಂದು ಸಲ ಕುಲುಕಿ ಚೆಲ್ಲಿ, ಬೆಳಿಗ್ಗೆ ಹೇನಿನ ಔಷಧ ತುಂಬಿದ್ದರು. ನಾನು ಹೇಳಿದರೆ ಆಕೆ ನಂಬಲಿಲ್ಲ. ತೊಳೆದ ಪಂಪಿನಲ್ಲಿ ವಿಷ ಎಲ್ಲಿ ಉಳಿಯುತ್ತೆ ಅಂದಳು. ಕೊನೆಗೆ ಎರಡು ಹಳೆಯ ಡಬ್ಬದಲ್ಲಿ ಟೊಮೇಟೊ ಸಸಿ ನೆಟ್ಟು, ಒಂದಕ್ಕೆ ಕೊಡದ ನೀರು, ಇನ್ನೊಂದಕ್ಕೆ ಆ ಪಂಪಿನಲ್ಲಿ ತುಂಬಿದ ಬರಿಯ ನೀರು ಚಿಮುಕಿಸಿ, ಒಂದು ವಾರ ಜಗಲಿಯ ಮೇಲೆ ಇಡಿ ಎಂದೆ. ನಾನು ಮತ್ತೆ ಹೋಗುವ ಹೊತ್ತಿಗೆ ಪಂಪಿನ ನೀರು ಬಿದ್ದ ಸಸಿ ಹಿತ್ತಲ ಗಿಡದಂತೆಯೇ ಮುದುರಿತ್ತು. ಅದನ್ನು ನೋಡಲು ಬಂದವರಲ್ಲಿ ವಾರಗಿತ್ತಿಯೂ ಇದ್ದಳು. ಹಿತ್ತಲಂತೂ ಆ ವರ್ಷಕ್ಕೆ ಹೋಯಿತು.

ಟೊಮೇಟೊ, ಹತ್ತಿ, ದ್ರಾಕ್ಷಿ, ಅವರೆಯಂಥ ಗಿಡಗಳಿಗೆ 2,4-ಡಿ ಎಷ್ಟು ಸೂಕ್ಷ್ಮವೆಂದರೆ, ಪಂಪಿನ ರಬ್ಬರು ಕೊಳವೆಗೆ ಅಂಟಿಕೊಂಡದ್ದೇ ಸಾಕು. ಅದರಲ್ಲೂ ಈಸ್ಟರ್ ರೂಪದ್ದು ಬಿಸಿಲಿಗೆ ಆವಿಯಾಗಿ ಗಾಳಿಯಲ್ಲಿ ಪಕ್ಕದ ಹೊಲಕ್ಕೂ ಹೋಗುತ್ತದೆ. ಸೋಡಿಯಂ ಲವಣ, ಅಮೈನ್ ಲವಣಗಳು ಹಾಗೆ ಹಾರುವುದು ಕಡಿಮೆ. ಆದ್ದರಿಂದ ಕಳೆಗೆ ಒಂದು ಪಂಪು, ಬೆಳೆಗೆ ಒಂದು ಪಂಪು. ಎರಡು ಕೊಳ್ಳಲು ಶಕ್ತಿ ಇಲ್ಲದಿದ್ದರೆ ನಾಲ್ಕು ಮನೆ ಸೇರಿ ಕಳೆಗೆಂದೇ ಒಂದನ್ನು ಇಟ್ಟುಕೊಳ್ಳಿ, ಅದಕ್ಕೆ ಕೆಂಪು ಬಣ್ಣ ಬಳಿದುಬಿಡಿ.

ಪೇಪರು ಓದುವ ಹುಡುಗರು ನನ್ನನ್ನು ಕೇಳುವುದುಂಟು: "ಇದು ವಿಯೆಟ್ನಾಂ ಯುದ್ಧದಲ್ಲಿ ಸುರಿದ ವಿಷ ಅಲ್ವಾ?" 1962ರಿಂದ 1971ರವರೆಗೆ ಅಮೆರಿಕದ ಸೈನ್ಯ ಅಲ್ಲಿನ ಕಾಡು, ಬೆಳೆಗಳ ಮೇಲೆ ವಿಮಾನದಿಂದ ಎಲೆ ಉದುರಿಸುವ ಔಷಧಗಳನ್ನು ಸುರಿದದ್ದು ನಿಜ. ಅದರಲ್ಲಿ ಬಹಳ ಬಳಕೆಯಾದ 'ಏಜೆಂಟ್ ಆರೆಂಜ್' ಎಂಬುದು 2,4-ಡಿ ಮತ್ತು 2,4,5-ಟಿ ಎಂಬ ಎರಡರ ಮಿಶ್ರಣ. ಎರಡನೆಯದರಲ್ಲಿ ಡಯಾಕ್ಸಿನ್ ಎಂಬ ಘೋರ ವಿಷ ಕಲಬೆರಕೆಯಾಗಿತ್ತು. ಜನರಿಗೆ ಆದ ಹಾನಿಗೆ ಮುಖ್ಯ ಕಾರಣ ಅದು. ಹಾಗೆಂದು 2,4-ಡಿ ತೀರ್ಥವಲ್ಲ. ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದಾದ ವಸ್ತುಗಳ ಪಟ್ಟಿಗೆ 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಅದನ್ನು ಸೇರಿಸಿತು.

ಇನ್ನೆರಡು ಹೆಸರು ನೀವು ಕೇಳಿಯೇ ಇರುತ್ತೀರಿ. ಒಂದು ಪ್ಯಾರಾಕ್ವಾಟ್. ಅದು ಕಳೆ ಕೊಲ್ಲುತ್ತದೆಂದು 1955ರಲ್ಲಿ ಇಂಗ್ಲೆಂಡಿನಲ್ಲಿ ಕಂಡುಕೊಂಡರು, 1962ರಲ್ಲಿ ಮಾರಾಟಕ್ಕೆ ಬಂತು. ಬೆಳಕಿನಲ್ಲಿ ಹಸುರನ್ನು ಸುಡುವುದು ಅದರ ಗುಣ. ಬೆಳಿಗ್ಗೆ ಹೊಡೆದರೆ ಸಂಜೆಗೆ ಎಲೆ ಬಾಡುತ್ತದೆ, ನೋಡಲು ಬಹಳ ಚೆಂದ. ಆದರೆ ಬೇರಿಗೆ ಇಳಿಯುವುದಿಲ್ಲವಾದ್ದರಿಂದ ಗರಿಕೆ, ಜೇಕು ಮತ್ತೆ ಚಿಗುರುತ್ತವೆ. ಮಣ್ಣು ತಾಗಿದ ಕೂಡಲೇ ಜೇಡಿಗೆ ಅಂಟಿ ಶಕ್ತಿ ಕಳೆದುಕೊಳ್ಳುತ್ತದೆ; ಆದಕಾರಣ ಬಗ್ಗಡದ ನೀರಿನಲ್ಲಿ ಕಲೆಸಿದವರಿಗೆ ಔಷಧವೂ ದಂಡ, ದುಡ್ಡೂ ದಂಡ. ಇದನ್ನು ಕುಡಿದವರಿಗೆ ಪ್ರತಿವಿಷ ಇಲ್ಲ ಎಂಬುದನ್ನು ಮಾತ್ರ ಎಂದೂ ಮರೆಯಬಾರದು. ಒಂದು ಗುಟುಕು ಸಾಕು. ಮೊದಲ ದಿನ ಮನುಷ್ಯ ಚೆನ್ನಾಗಿಯೇ ಇದ್ದಂತೆ ಕಾಣಬಹುದು, ಆಮೇಲೆ ಮೂತ್ರಪಿಂಡ, ಶ್ವಾಸಕೋಶ ಕೆಡುತ್ತವೆ. ಅದಕ್ಕೇ ಹೇಳುವುದು, ಕಳೆ ಔಷಧವನ್ನು ಶರಬತ್ತಿನ ಬಾಟಲಿಗೆ, ನೀರಿನ ಬಾಟಲಿಗೆ ಎಂದೂ ಬಗ್ಗಿಸಬೇಡಿ. ಪಕ್ಕದ ಮನೆಯವರು "ಒಂದು ಸ್ವಲ್ಪ ಕೊಡಿ" ಅಂದರೂ ಕೊಡಬೇಡಿ. ಅಪ್ಪಿತಪ್ಪಿ ಯಾರಾದರೂ ಬಾಯಿಗೆ ಹಾಕಿಕೊಂಡರೆ, ಏನೂ ಆಗಿಲ್ಲವಲ್ಲ ಎಂದು ಕಾಯದೆ, ಆ ಡಬ್ಬವನ್ನೂ ಹಿಡಿದುಕೊಂಡು ಅದೇ ಗಳಿಗೆಯಲ್ಲಿ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಇನ್ನೊಂದು ಗ್ಲೈಫೋಸೇಟ್. ಅಮೆರಿಕದ ಜಾನ್ ಫ್ರಾಂಜ್ ಎಂಬ ರಸಾಯನಶಾಸ್ತ್ರಜ್ಞರು 1970ರಲ್ಲಿ ಇದರ ಗುಣ ಕಂಡುಹಿಡಿದರು. 1974ರಲ್ಲಿ ಮಾರುಕಟ್ಟೆಗೆ ಬಂತು. ಇದು ನಿಧಾನ. ಎಲೆಯಿಂದ ಬೇರಿಗೆ, ಗಡ್ಡೆಗೆ ಇಳಿದು ಒಂದೆರಡು ವಾರದಲ್ಲಿ ಕೊಲ್ಲುತ್ತದೆ. ಹುಲ್ಲು, ಗಿಡ ಎಂಬ ಭೇದ ಇಲ್ಲ, ಹಸುರು ಇದ್ದದ್ದೆಲ್ಲ ಅದಕ್ಕೆ ಒಂದೇ. ಇದರ ಮೇಲೂ ಕ್ಯಾನ್ಸರ್ ಸಂಬಂಧವಾಗಿ 2015ರಿಂದ ಜಗತ್ತಿನಲ್ಲೆಲ್ಲ ವಾದ ನಡೆದಿದೆ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಇದನ್ನು ಪರವಾನಗಿ ಪಡೆದ ಕೀಟ ನಿಯಂತ್ರಣದವರು ಮಾತ್ರ ಬಳಸತಕ್ಕದ್ದೆಂದು ಆದೇಶ ಹೊರಡಿಸಿತು. ಆದ್ದರಿಂದ ಅಂಗಡಿಯವರು ಕೊಟ್ಟರೆಂದು ತಂದು ಬಚ್ಚಲ ಹಿಂದೆ ಹೊಡೆಯಬೇಡಿ; ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.

ಹುಲ್ಲನ್ನು ಮಾತ್ರ ಕೊಂದು ಅಗಲ ಎಲೆಯದನ್ನು ಉಳಿಸುವ ಔಷಧ ಇಲ್ಲವೇ ಅಂತೀರಿ. ಇವೆ, 1980ರ ದಶಕದಿಂದ ಬಂದವು. ಶೇಂಗಾ, ಈರುಳ್ಳಿ ಹೊಲಗಳಿಗೆ ಹೊಡೆಯುವ ಕ್ವಿಜಾಲೋಫಾಪ್ ಅಂಥದ್ದು. ಆದರೆ ಅದಕ್ಕೆ ಜೇಕು ಸಾಯುವುದಿಲ್ಲ. ಜೇಕು ಹುಲ್ಲಿನಂತೆ ಕಂಡರೂ ಹುಲ್ಲಲ್ಲ. ಅದರ ದಂಟನ್ನು ಎರಡು ಬೆರಳಿನ ನಡುವೆ ಉರುಳಿಸಿ ನೋಡಿ, ಮೂರು ಮೂಲೆ ಸಿಗುತ್ತದೆ. ಹುಲ್ಲಿನ ಕಡ್ಡಿ ದುಂಡಗೆ ಉರುಳುತ್ತದೆ. ಈ ಪರೀಕ್ಷೆ ಮಾಡದೆ ದುಡ್ಡು ಕಳೆದುಕೊಂಡವರು ಬಹಳ. ಅಲ್ಲದೆ ಇಂಥ ಔಷಧಗಳ ಚೀಟಿಯಲ್ಲಿ ಯಾವ ಬೆಳೆಗಳ ಹೆಸರಿದೆಯೋ ಆ ಬೆಳೆಗೆ ಮಾತ್ರ ಅದು ಸಲ್ಲುತ್ತದೆ. ಹತ್ತು ಜಾತಿ ಬೆರೆತ ಹಿತ್ತಲಿಗೆ ಸಲ್ಲುವ ಚೀಟಿ ನನಗಂತೂ ಸಿಕ್ಕಿಲ್ಲ.

ಹಾಗಾದರೆ ಹಿತ್ತಲಲ್ಲಿ ಔಷಧಕ್ಕೆ ಜಾಗವೇ ಇಲ್ಲವೇ? ನನ್ನ ಅಭಿಪ್ರಾಯದಲ್ಲಿ ಪಾತಿಯೊಳಗೆ ಇಲ್ಲ. ಬೇಲಿಯ ಅಂಚು, ಕಲ್ಲುಸಂದು, ಓಡಾಡುವ ದಾರಿ — ಇಲ್ಲಿ ಚೀಟಿ ಒಪ್ಪಿದ ಔಷಧವನ್ನು ಹೊಡೆಯಬಹುದು. ಅದಕ್ಕೂ ಕ್ರಮ ಇದೆ. ಕಳೆ ಎಳೆಯದಾಗಿ, ಚುರುಕಾಗಿ ಬೆಳೆಯುತ್ತಿರಬೇಕು. ಹೂ ಬಿಟ್ಟು ಒಣಗಿದ್ದಕ್ಕೆ, ಧೂಳು ಕೂತದ್ದಕ್ಕೆ ಹೊಡೆದು ಫಲವಿಲ್ಲ. ಗಾಳಿ ಇಲ್ಲದ ಬೆಳಗಿನ ಹೊತ್ತು, ಮಳೆಯ ಮೋಡ ಇಲ್ಲದ ದಿನ ನೋಡಿಕೊಳ್ಳಿ. ಮೂತಿಯನ್ನು ನೆಲಕ್ಕೆ ಬಗ್ಗಿಸಿ, ಹನಿ ದಪ್ಪವಾಗಿ ಬೀಳುವಂತೆ ಮೆಲ್ಲಗೆ ಒತ್ತಿ; ಮಂಜಿನಂತೆ ಹಾರಿಸಿದರೆ ಅದು ಎಲ್ಲಿ ಕೂರುತ್ತದೋ ಬಲ್ಲವರಾರು? ಮೂತಿಯ ಸುತ್ತ ಪ್ಲಾಸ್ಟಿಕ್ಕಿನ ಟೋಪಿ ಸಿಗುತ್ತದೆ, ಹಾಕಿಕೊಳ್ಳಿ. ಕೈಗವಸು, ಮೈತುಂಬ ಬಟ್ಟೆ ಇರಲಿ.

ಅಳತೆ ಇನ್ನೊಂದು ಮುಖ್ಯ ಸಂಗತಿ. ಚೀಟಿಯಲ್ಲಿ ಎಕರೆ ಲೆಕ್ಕ, ಇಲ್ಲವೇ ಹೆಕ್ಟೇರು ಲೆಕ್ಕ ಇರುತ್ತದೆ; ನಮ್ಮ ಹಿತ್ತಲು ಒಂದು ಗುಂಟೆ. ಎಕರೆಗೆ 40 ಗುಂಟೆ. ಎಕರೆಗೆ ಒಂದು ಲೀಟರ್ ಔಷಧ, 200 ಲೀಟರ್ ನೀರು ಎಂದು ಇದ್ದರೆ ಗುಂಟೆಗೆ 25 ಮಿಲಿಲೀಟರ್ ಔಷಧ, 5 ಲೀಟರ್ ನೀರು ಅಷ್ಟೇ. ಹೆಕ್ಟೇರು ಲೆಕ್ಕವಾದರೆ ಎರಡೂವರೆಯಿಂದ ಭಾಗಿಸಿ ಎಕರೆಗೆ ತಂದುಕೊಳ್ಳಿ. ಮುಚ್ಚಳದ ಅಂದಾಜಿನಲ್ಲಿ "ಇನ್ನೊಂದಿಷ್ಟು ಬೀಳಲಿ" ಎಂದು ಸುರಿದರೆ ಎಲೆ ಮೊದಲೇ ಸುಟ್ಟುಹೋಗಿ ಔಷಧ ಬೇರಿಗೆ ಇಳಿಯದೆ ಹೋಗುವುದೂ ಉಂಟು. ಒಂದೇ ಔಷಧವನ್ನು ವರ್ಷವರ್ಷವೂ ಹೊಡೆದರೆ ಕಳೆ ಅದಕ್ಕೆ ಒಗ್ಗಿಕೊಳ್ಳುತ್ತದೆ. 1990ರ ದಶಕದಲ್ಲಿ ಹರಿಯಾಣದ ಗೋಧಿ ಬೆಳೆಗಾರರು ಇದನ್ನು ಕಂಡು ಕೈಸುಟ್ಟುಕೊಂಡರು.

ಪಾತಿಯೊಳಗಿನ ಕಳೆಗೆ ಹಳೆಯ ಕೈಯೇ ಮೇಲು. ಇದಕ್ಕೆ ಒಂದು ಕಾರಣ ತಾಯಂದಿರಿಗೆ ನನಗಿಂತ ಚೆನ್ನಾಗಿ ಗೊತ್ತು. ನಾವು ಕಳೆ ಅನ್ನುವುದರಲ್ಲಿ ಕಿರಕಸಾಲೆ, ಅಣ್ಣೆಸೊಪ್ಪು, ಗೋಣಿಸೊಪ್ಪು ಎಲ್ಲ ಸೇರಿವೆ. ಮಳೆಗಾಲದ ಬೆರಕೆಸೊಪ್ಪಿನ ಸಾರು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಮಿಕ್ಕದ್ದು ಹಸುವಿನ ಬಾಯಿಗೆ. ಔಷಧ ಬಿದ್ದ ಜಾಗದಿಂದ ಸೊಪ್ಪನ್ನೂ ಕೀಳುವಂತಿಲ್ಲ, ಹುಲ್ಲನ್ನೂ ಕೊಯ್ಯುವಂತಿಲ್ಲ.

ಗರಿಕೆಯನ್ನು ಬೇಸಗೆಯಲ್ಲಿ ಅಗೆದು ಬೇರುಬಳ್ಳಿ ಬಿಸಿಲಿಗೆ ಒಣಗುವಂತೆ ಹರಡಬೇಕು. ಸಾಲು ಸಾಲಾಗಿ ಕತ್ತರಿಸಿ ಬಿಟ್ಟರೆ ತುಂಡು ತುಂಡೂ ಗಿಡವಾಗುತ್ತದೆ. ಜೇಕಿಗೆ ಬೇರೆ ಉಪಾಯ: ಹದಿನೈದು ದಿನಕ್ಕೊಮ್ಮೆ ಬಿಡದೆ ಗಡ್ಡೆಯ ತನಕ ಕೆದಕಿ ತೆಗೆಯುತ್ತಾ ಇದ್ದರೆ ಕೆಳಗಿನ ಗಡ್ಡೆಗಳು ಚಿಗುರಿ ಚಿಗುರಿ ಸೋಲುತ್ತವೆ. ಒಂದು ತಿಂಗಳು ಬಿಟ್ಟಿರೋ, ಮತ್ತೆ ಮೊದಲಿನಿಂದ. ಬೀಜದಿಂದ ಬರುವ ಸಣ್ಣ ಕಳೆಗಳಿಗೆ ಇಸ್ರೇಲಿನವರು 1976ರಲ್ಲಿ ತೋರಿಸಿದ ಉಪಾಯ ಅಗ್ಗವಾಗಿದೆ. ಏಪ್ರಿಲ್, ಮೇ ತಿಂಗಳಲ್ಲಿ ಪಾತಿಯನ್ನು ನೆನೆಸಿ, ಬೆಳಕು ಹಾಯುವ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆ ಮಣ್ಣು ಮುಚ್ಚಿ ನಾಲ್ಕರಿಂದ ಆರು ವಾರ ಬಿಟ್ಟರೆ ಬಿಸಿಲೇ ಮೇಲ್ಮಣ್ಣಿನ ಬೀಜಗಳನ್ನು ಬೇಯಿಸುತ್ತದೆ. ಕರಿ ಹಾಳೆ ಬೇಡ.

ಕೊನೆಗೆ ಕಾಂಗ್ರೆಸ್ ಗಿಡದ ಮಾತು. 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡ ಈ ಪಾರ್ಥೇನಿಯಂ ನಮ್ಮ ಬೇಲಿ ಸಾಲನ್ನೆಲ್ಲ ಹಿಡಿದದ್ದು ನಿಮಗೆ ಗೊತ್ತು. ಇದನ್ನು ತಿನ್ನುವ ಒಂದು ದುಂಬಿಯನ್ನು 1983ರಲ್ಲಿ ಮೆಕ್ಸಿಕೋದಿಂದ ಬೆಂಗಳೂರಿಗೆ ತಂದು, ಪರೀಕ್ಷಿಸಿ, 1984ರಲ್ಲಿ ಬಿಟ್ಟರು. ಮಾಸಲು ಬಿಳಿಯ ಬೆನ್ನಿನ ಮೇಲೆ ಕಂದು ಗೀಟುಗಳಿರುವ ಸಣ್ಣ ದುಂಬಿ ಅದು. ಮಳೆಗಾಲದಲ್ಲಿ ಎಲೆಯನ್ನೆಲ್ಲ ಜರಡಿ ಮಾಡುತ್ತದೆ. ಅದು ಕೂತಿರುವ ಗಿಡಕ್ಕೆ ಔಷಧ ಹೊಡೆಯಬೇಡಿ, ಅದರ ಪಾಡಿಗೆ ತಿನ್ನಲಿ. ದುಂಬಿ ಇಲ್ಲದ ಕಡೆ ಮಳೆ ಬಂದು ನೆಲ ಮೆತ್ತಗಿರುವಾಗ, ಹೂ ಕಾಣುವ ಮೊದಲೇ, ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಬೇರುಸಹಿತ ಕಿತ್ತುಹಾಕಿ. ಬರಿಗೈ ಬೇಡ, ಕೆಲವರಿಗೆ ಮೈಯೆಲ್ಲ ನವೆ ಏಳುತ್ತದೆ, ಉಬ್ಬಸವೂ ಬರುತ್ತದೆ. ಹೂ ಬಿಡದ ಗಿಡವನ್ನು ಗೊಬ್ಬರದ ಗುಂಡಿಗೆ ಹಾಕಬಹುದು. ಹೂ ಬಿಟ್ಟಿದ್ದರೆ ಗುಂಡಿಗೆ ಬೇಡ, ಒಣಗಿಸಿ ಸುಡಿ.